ನೆತಾನಿಯ ಸರದಿ

“ಏನ್ ಭಾವ, ಒಳಗೆ ಯಾರಾದ್ರೂ ಬಾಡಿಗೆಗಿದ್ದಾರಾ? ಹಂಗೆ ಕಿವಿ ಇಟ್ಟು ಕೇಳ್ತಾ ಇದೀಯ!”

ಸೈಲೋಸಿಯ ದನಿಗೆ ಎಪಾರಾಮಾ ಬೆಚ್ಚಿಬಿದ್ದು ಐಸ್‌ಪೆಟ್ಟಿಗೆಯ ಗೋಡೆಯಿಂದ ಕಿವಿ ತೆಗೆದ. ಮರಳಿನ ಮೇಲೆ ತೆಂಗಿನ ದಿಮ್ಮಿಗಳಿಗೆ ಏರಿಸಿಟ್ಟ ದೋಣಿಯೊಳಗೆ, ಆ ಉರಿಬಿಸಿಲಿನಲ್ಲಿ, ತಾನು ಮಂಡಿಯೂರಿ ಕೂತು ಎಷ್ಟು ಹೊತ್ತಾಯಿತೆಂದು ಅವನಿಗೇ ತಿಳಿಯಲಿಲ್ಲ. ಬೆಳಗಿನಿಂದ ಕೇಳಿಸುತ್ತಲೇ ಇತ್ತು. ಟಕ್, ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಬಿಸಿಲಿಗೆ ಫೈಬರ್ ಹಿಗ್ಗಿದರೆ ಸದ್ದು ಮಾಡುತ್ತದೆ. ದೋಣಿ ಮುಟ್ಟಿದ ಯಾವನಿಗೆ ಇದು ಗೊತ್ತಿಲ್ಲ? ಎಪಾರಾಮಾನಿಗೂ ಗೊತ್ತಿತ್ತು. ಆದರೂ ಕಿವಿ ಇಟ್ಟಿದ್ದ. ಗೋಡೆ ತಣ್ಣಗಿತ್ತು. ತಿಂಗಳುಗಟ್ಟಲೆ ಒಂದು ತುಂಡು ಐಸ್ ಕಾಣದ ಪೆಟ್ಟಿಗೆ ತಣ್ಣಗೆ ಯಾಕಿರಬೇಕು?

“ಫೋಮ್ ನೀರು ಕುಡಿದಿದೆಯಾ ಅಂತ ನೋಡ್ತಿದ್ದೆ ಕಣೋ,” ಅಂದ.

“ಕುಡಿದಿದ್ರೆ ಬಾಯಿಬಿಟ್ಟು ಹೇಳುತ್ತಾ ಅದು? ರಾತ್ರಿಯೆಲ್ಲ ಯಂಗೋನಾ ಕುಡಿದು ಹಾಡೋಕೆ ಅದೇನು ನೀನಾ? ಚೂರಿ ಹಾಕು, ಗೊತ್ತಾಗುತ್ತೆ.”

ದೋಣಿ ನೆತಾನಿಯದು. ನೆತಾನಿ ಅಂದರೆ ಸೈಲೋಸಿಯ ಅಣ್ಣ, ಎಪಾರಾಮಾನ ಹೆಂಡತಿ ಮಿಲಿಕಾಳಿಗೂ ಅಣ್ಣ. ಚಂಡಮಾರುತದ ತಿಂಗಳಲ್ಲಿ ಮೀನಿಗೆಂದು ಹೋದವನು ಬರಲಿಲ್ಲ, ದೋಣಿ ಮಾತ್ರ ಸಿಕ್ಕಿತು. ಎಂಜಿನ್ ಸತ್ತು, ಅಂಚಿನವರೆಗೆ ನೀರು ತುಂಬಿಕೊಂಡು, ಪಕ್ಕದ ದ್ವೀಪದ ಹವಳದಂಡೆಗೆ ತಗುಲಿ ನಿಂತಿತ್ತು. ಅಷ್ಟು ನೀರು ತುಂಬಿದರೂ ಅದು ಮುಳುಗದೆ ಉಳಿದದ್ದು ಈ ಐಸ್‌ಪೆಟ್ಟಿಗೆಯ ಗೋಡೆಗಳೊಳಗಿನ ಫೋಮಿನಿಂದ ಅಂತ ಎಲ್ಲರೂ ಹೇಳಿದರು. ಮೀನು ಕೆಡದಿರಲಿ ಅಂತ ಹಾಕಿದ ಫೋಮ್ ದೋಣಿಯನ್ನು ಎತ್ತಿ ಹಿಡಿಯಿತು. ಹಿಡಿಯಬೇಕಾದವನನ್ನು ಮಾತ್ರ ಹಿಡಿಯಲಿಲ್ಲ. ಸಾವಿನ ನೂರನೇ ರಾತ್ರಿಯ ಊಟ ಮುಗಿದ ಮೇಲೆ, ಅಲ್ಲಿಯವರೆಗೆ ಯಾರೂ ಮೀನು ಹಿಡಿಯಬಾರದೆಂದು ಮನೆಯೆದುರಿನ ಕಡಲಿಗೆ ಹಾಕಿದ್ದ ನಿಷೇಧದ ಕಂಬವನ್ನು ಹಿರಿಯರು ಕಿತ್ತರು. ದೋಣಿ ಸುಮ್ಮನೆ ಒಣಗುವುದು ಬೇಡ, ಸೈಲೋಸಿಯೂ ಎಪಾರಾಮಾನೂ ಸೇರಿ ಸರಿಮಾಡಿ ಮೀನಿಗೆ ಹೋಗಲಿ ಅಂದರು. ಆಗುವುದಿಲ್ಲ ಅನ್ನಲು ಎಪಾರಾಮಾನ ಬಳಿ ಕಾರಣವಿತ್ತು. ಹೇಳಲು ಬಾಯಿ ಇರಲಿಲ್ಲ.

ಈ ದ್ವೀಪದಲ್ಲಿ ಅಣ್ಣತಂಗಿ ಮುಖ ಕೊಟ್ಟು ಮಾತಾಡುವಂತಿಲ್ಲ. ಅತ್ತೆ ಅಳಿಯನ ಜೊತೆ ಮಾತಾಡುವಂತಿಲ್ಲ. ಹಾಗೆ ಆಡದೆ ಉಳಿದ ಮಾತೆಲ್ಲ ಭಾವಮೈದುನರ ಬಾಯಿಗೆ ಬಂದು ಸೇರುತ್ತದೋ ಏನೋ, ಅವರಿಬ್ಬರು ಕೂಡಿದರೆ ಮುಗಿಯಿತು. ಒಬ್ಬ ಕೀಟಲೆ ಮಾಡಿದರೆ ಇನ್ನೊಬ್ಬ ತೀರಿಸಲೇಬೇಕು. ಕೋಪ ಮಾಡಿಕೊಳ್ಳುವಂತಿಲ್ಲ, ಸರದಿ ತಪ್ಪಿಸುವಂತಿಲ್ಲ, ಸಾವಿನ ಮನೆಯಲ್ಲೂ ಬಿಡುವಂತಿಲ್ಲ. ಒಂದು ಭಾನುವಾರ ನೆತಾನಿ ಪ್ರಾರ್ಥನೆ ಹೇಳಲು ಎದ್ದು ನಿಂತಾಗ ಅವನು ಉಟ್ಟ ಸುಲುವಿನ ಜೇಬಿನಲ್ಲಿ ಜೀವಂತ ಏಡಿ ಇತ್ತು. ಇಟ್ಟವನು ಎಪಾರಾಮಾ. ಅದಕ್ಕೆ ಪ್ರತಿಯಾಗಿ ನೆತಾನಿ ಕಡಲಿಂದ ಫೋನ್ ಮಾಡಿ “ಭಾವ, ಮುಳುಗ್ತಾ ಇದೀನಿ!” ಅಂತ ಬೊಬ್ಬೆ ಹಾಕಿದ. ಅರ್ಧ ಊರು ದೋಣಿ ಹತ್ತಿ ಓಡಿತು. ನೋಡಿದರೆ ಭೂಪ ಗುಡ್ಡದ ಮರೆಯಲ್ಲಿ ಒಲೆ ಹೂಡಿ ಮೀನು ಸುಡುತ್ತಾ ಕೂತಿದ್ದ. ಊರೆಲ್ಲ ಬಿದ್ದು ಬಿದ್ದು ನಕ್ಕಿತು.

ಮುಂದಿನ ವಾರ ಮತ್ತೆ ಫೋನ್ ಬಂತು. “ಭಾವ, ಈ ಸಲ ನಿಜ ಕಣೋ.” ಎಪಾರಾಮಾ ನಕ್ಕ. ಈಜಿಕೊಂಡು ಬಾ ಅಂದ. ಫೋನ್ ಇಟ್ಟ.

ಇಷ್ಟೇ. ಈ ಸಂಗತಿ ಅವನೊಬ್ಬನಿಗೇ ಗೊತ್ತು. ಮಿಲಿಕಾಳಿಗೆ ಹೇಳಲಿಲ್ಲ, ಹೇಳಿದರೆ ಅವಳು ತನ್ನ ಜೊತೆ ಇರುತ್ತಾಳೆ ಅನ್ನುವ ಧೈರ್ಯ ಅವನಿಗಿರಲಿಲ್ಲ. ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ. ಸುಳ್ಳು ಮುಳುಗಾಟ ನೆತಾನಿಯ ಸರದಿ. ಅದಾದ ಮೇಲೆ ಎಪಾರಾಮಾನ ಸರದಿ. ಕರೆದಾಗ ಹೋಗದೆ ಇದ್ದದ್ದೇ ಅವನ ಸರದಿಯಾಗಿ ಸಂದುಹೋಯಿತು. ಹಾಗಾದರೆ ಈಗ ಯಾರದು?

ಅಲ್ಲ, ಸತ್ತವನಿಗೆ ಸರದಿ ಅಂತ ಇರುತ್ತದೆಯೇ? ಆದರೆ ನೂರು ರಾತ್ರಿಯ ಒಳಗೇ ಶುರುವಾಗಿತ್ತು. ಒಂದು ಬೆಳಗ್ಗೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎತ್ತಿದರೆ ಒದ್ದೆ, ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು. ಇನ್ನೊಂದು ದಿನ ಒಣಗಲು ಹಾಕಿದ ಬಲೆಯ ನಡುವೆ ಒಂದು ಗಂಟು, ನೆತಾನಿ ಮಾತ್ರ ಹಾಕುತ್ತಿದ್ದ, ಎಳೆದಷ್ಟೂ ಬಿಗಿಯುವ ಗಂಟು. “ನೀನೇನೋ ಮಾಡಿದ್ದು?” ಅಂತ ಸೈಲೋಸಿಯನ್ನು ಕೇಳಿದ. “ನಾನಲ್ಲಪ್ಪ,” ಅಂದ ಸೈಲೋಸಿ. ಮಾಡಿದವನೂ ಹಾಗೇ ಹೇಳುತ್ತಾನೆ, ಮಾಡದವನೂ ಹಾಗೇ ಹೇಳುತ್ತಾನೆ.

ಈಗ ಚೂರಿ ಹಾಕಿದರು. ಹಳೆಯ ಒಳತೊಟ್ಟಿಯನ್ನು ಕಿತ್ತು ಮರಳಿಗೆ ಎಸೆದು, ಅದರ ಹಿಂದಿನ ಫೋಮನ್ನು ಕತ್ತರಿಸಿ ಕತ್ತರಿಸಿ ತೆಗೆದರು. ಹಳದಿಯಾಗಿರಬೇಕಾದದ್ದು ಕಂದಿ ಕಪ್ಪಾಗಿತ್ತು. ಹಿಂಡಿದರೆ ನೀರು ಇಳಿಯುತ್ತಿತ್ತು, ಹಳೇ ಕಡಲಿನ ವಾಸನೆ. ಇಂಥ ಗೋಡೆಯಿದ್ದರೆ ಐಸ್ ಎರಡು ದಿನವೂ ನಿಲ್ಲುವುದಿಲ್ಲ. ಪೆಟ್ಟಿಗೆ ತಣ್ಣಗಿದ್ದದ್ದು ಇದಕ್ಕೇ, ಒಳಗೆ ನೀರು ನಿಂತದ್ದಕ್ಕೆ, ಅಂದುಕೊಂಡು ಎಪಾರಾಮಾನಿಗೆ ಸ್ವಲ್ಪ ಜೀವ ಬಂದಂತಾಯಿತು.

ಆಮೇಲೆ ಎಡಮೂಲೆಯ ಒಂದು ದೊಡ್ಡ ತುಂಡು ಕಳಚಿ ಬಂತು. ತಿರುಗಿಸಿದರೆ ಅದರಲ್ಲೊಂದು ಅಂಗೈಯ ಅಚ್ಚು ಬಿದ್ದಿತ್ತು. ಐದೂ ಬೆರಳು ಸ್ಪಷ್ಟವಾಗಿದ್ದವು, ಕಿರುಬೆರಳು ಒಂದಿಷ್ಟು ಸೊಟ್ಟ.

“ಅಯ್ಯೋ, ಅಣ್ಣಂದು!” ಅಂದ ಸೈಲೋಸಿ, ದನಿ ತಗ್ಗಿಸಿ. “ಫೋಮ್ ಹಾಕಿದ ದಿನ ಮೆತ್ತಗಿದ್ದಾಗ ಒತ್ತಿರಬೇಕು. ಅವನಿಗೆ ಎಲ್ಲಾದರೂ ಕೈ ಹಾಕದೆ ಇರೋಕೆ ಆಗ್ತಿತ್ತಾ?”

ಅಂಗೈಯ ಗುಳಿಯಲ್ಲಿ ನೀರು ನಿಂತಿತ್ತು. ಎಪಾರಾಮಾ ಅದರಲ್ಲಿ ಬೆರಳದ್ದಿದ. ಬಿಸಿಲು ಕಾಣದ ಮೂಲೆಯ ನೀರು, ಬೆಚ್ಚಗಿತ್ತು. ತುಂಡನ್ನು ಸೈಲೋಸಿ ತನ್ನ ಅಂಗಿಯಲ್ಲಿ ಸುತ್ತಿ ಮರದ ಬುಡದಲ್ಲಿಟ್ಟು ಬಂದ. ಮೂಗು ಒರೆಸಿಕೊಂಡು, “ನಡಿ ಭಾವ, ಕೆಲಸ ನೋಡು, ಸೋಮಾರಿ,” ಅಂದ.

ಮಧ್ಯಾಹ್ನ ಅಲುಮೀತಾ ಬುಟ್ಟಿ ಹಿಡಿದು ಬಂದಳು. ನೆತಾನಿಯ ತಾಯಿ, ಎಪಾರಾಮಾನ ಅತ್ತೆ. ಬೇಯಿಸಿದ ಮರಗೆಣಸು, ತೆಂಗಿನಹಾಲಿನ ಮೀನು. ದೋಣಿಯ ಹತ್ತಿರ ಬಾರದೆ, ದೀವಿಹಲಸಿನ ನೆರಳಲ್ಲಿ ನಿಂತು, ಕಡಲಿನ ಕಡೆ ಮುಖ ಮಾಡಿ ಹೇಳಿದಳು:

“ಸೈಲೋಸಿ, ನಿನ್ನ ಭಾವ ಬೆಳಗಿನಿಂದ ಏನೂ ತಿಂದ ಹಾಗೆ ಕಾಣಲ್ಲ. ತಲೆಭಾಗ ಅವನಿಗೆ ಹಾಕು.”

“ಅವನ ಹೊಟ್ಟೆ ನೋಡಮ್ಮ, ಬೆಳಗಿನಿಂದ ತಿಂದಿಲ್ಲ ಅನ್ಸುತ್ತಾ?”

“ನಾನು ಹೇಳಿದ್ದು ಮಾಡು.”

ಮದುವೆಯಾಗಿ ಇಷ್ಟು ವರ್ಷ ಅವಳು ಒಂದು ಮಾತನ್ನೂ ಎಪಾರಾಮಾನಿಗೆ ನೇರ ಹೇಳಿದವಳಲ್ಲ. ಅವನೂ ಅವಳನ್ನು ಬಾಯ್ತುಂಬ ಅತ್ತೆ ಅಂದವನಲ್ಲ. ಮೀನಿನ ತಲೆಯನ್ನು ಅವನು ಬಗ್ಗಿ ಕೂತು ನುಂಗಿದ. ಅಲುಮೀತಾ ಮನೆಗೆ ಹೋಗಲಿಲ್ಲ. ಅಲ್ಲೇ ನೆರಳಲ್ಲಿ ಕೂತು ಚಾಪೆಗೆಂದು ಕೇದಗೆಗರಿ ಸೀಳತೊಡಗಿದಳು. ಮಗನ ದೋಣಿಯನ್ನು ನೋಡುತ್ತಾ ಕೂರಬೇಕೆನ್ನಿಸಿತ್ತೇನೋ, ಯಾರೂ ಕೇಳಲಿಲ್ಲ.

ಹೊಸ ಒಳತೊಟ್ಟಿಯನ್ನು ಇಳಿಸಿದಾಗ ಸುತ್ತಲೂ ಒಂದು ಗೇಣು ಸಂದು ಉಳಿಯಿತು. ಅದಕ್ಕೇ ಫೋಮ್ ಸುರಿಯಬೇಕು. ಎರಡು ಡಬ್ಬದ ದ್ರವ ಸೇರಿಸಿ, ಗರಗರ ಕಲಸಿ, ನೊರೆ ಏಳುವ ಮೊದಲೇ ಸುರಿದುಬಿಡಬೇಕು. ಸುರಿದದ್ದು ಕಣ್ಣೆದುರಿಗೇ ಉಬ್ಬುತ್ತದೆ, ಕಾದು ಬಿಸಿಯಾಗುತ್ತದೆ, ಸಿಕ್ಕಿದ್ದನ್ನೆಲ್ಲ ಒತ್ತುತ್ತದೆ. ತೊಟ್ಟಿಯ ಗೋಡೆ ಒಳಕ್ಕೆ ಬಾಗದಂತೆ ಅಡ್ಡ ಹಲಗೆ ಕೊಡಬೇಕು, ತೊಟ್ಟಿ ಮೇಲಕ್ಕೇಳದಂತೆ ಮುಚ್ಚಳ ಹಾಕಿ ಭಾರ ಇಡಬೇಕು, ಸ್ವಲ್ಪ ಸ್ವಲ್ಪವೇ ಸುರಿದು ಆರಲು ಬಿಡಬೇಕು. ಆದರೆ ಅದು ಶನಿವಾರ. ನಾಳೆ ಭಾನುವಾರ, ಕಡ್ಡಿ ಅಲುಗಿಸಿದರೂ ಊರು ಸುಮ್ಮನಿರುವುದಿಲ್ಲ. ಸೋಮವಾರ ಸುವಾ ಪಟ್ಟಣದಿಂದ ಐಸ್ ತರುವ ಹಡಗು. ಹಲಗೆಗಳನ್ನು ಅಳೆದು ನೋಡಿದರೆ ಎಲ್ಲವೂ ಗಿಡ್ಡ.

“ಹಲಗೆ ಯಾಕೆ?” ಅಂದ ಸೈಲೋಸಿ. “ಭಾವ ಒಳಗೆ ಕೂತ್ರೆ ಸಾಕು. ಬೆನ್ನು ಒಂದು ಗೋಡೆಗೆ, ಕಾಲು ಇನ್ನೊಂದಕ್ಕೆ, ಹೊಟ್ಟೆ ಉಳಿದ ಎರಡಕ್ಕೆ! ಇಡೀ ದ್ವೀಪದಲ್ಲಿ ಇಂಥ ಕಂಬ ಹುಡುಕಿದ್ರೂ ಸಿಗಲ್ಲ.”

ಬೇರೆ ಯಾರು ಹೇಳಿದ್ದರೂ ಎಪಾರಾಮಾ ಬೈಯುತ್ತಿದ್ದ. ಹೇಳಿದವನು ಭಾವಮೈದುನ. ಹೆದರಿ ಹಿಂದೆ ಸರಿದರೆ ವರ್ಷವಿಡೀ ಅದನ್ನೇ ಆಡಿ ನಗುತ್ತಾರೆ. ಇಳಿದು ಕೂತ. ಮುಚ್ಚಳದ ಕೆಳಗೆ ಒಂದು ಕೊರಡು ಇಟ್ಟು ಗೇಣಗಲ ಸಂದು ಬಿಟ್ಟರು. ಮೇಲೆ ಲಂಗರು, ಮರಳಿನ ಚೀಲ. ಆ ಸಂದಿನಿಂದ ಆಕಾಶದ ಒಂದು ಪಟ್ಟಿ, ನೀರು ಬಸಿಯುವ ತೂತಿನಿಂದ ಕಾಲ ಹತ್ತಿರ ಒಂದು ಚುಕ್ಕೆ ಬೆಳಕು. ಹೊರಗೆ ಡಬ್ಬದಲ್ಲಿ ಕೋಲು ಆಡಿಸುವ ಸದ್ದು. ಬೆನ್ನ ಹಿಂದೆ ಏನೋ ಜಾರಿ ಇಳಿಯಿತು, ಆಮೇಲೆ ಬಲಕ್ಕೆ, ಎಡಕ್ಕೆ.

“ಸ್ವಲ್ಪ ಸ್ವಲ್ಪ ಹಾಕೋ!” ಅಂತ ಕೂಗಿದ.

“ಎಲ್ಲಾ ಹಾಕಿದ್ದಾಯ್ತು ಭಾವ! ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗ್ಬೇಕು ನಂಗೆ.”

ಫೋಮ್ ಬೆಳೆಯುವುದು ಕೇಳಿಸಿತು. ಸಣ್ಣ ಸುಯ್ಯೆನ್ನುವ ಸದ್ದು, ನಾಲ್ಕೂ ಕಡೆಯಿಂದ. ಬೆನ್ನಿಗೆ ಬಿಸಿ ತಗುಲಿತು, ಯಾರೋ ಆನಿಕೊಂಡು ಕೂತ ಹಾಗೆ. ಗೋಡೆ ಕಿರ್ರೆಂದು ಒಳಕ್ಕೆ ಸರಿಯಿತು. ಎಪಾರಾಮಾ ಕಾಲೂರಿ ಒತ್ತಿದ. ಗೋಡೆ ಅವನನ್ನು ಒತ್ತಿತು. ಮಂಡಿ ಎದೆಗೆ ಬಂತು. ಘಾಟು ವಾಸನೆ ಮೂಗಿಗೆ ಅಡರಿತು. ಕಾಲ ಹತ್ತಿರದ ಬೆಳಕಿನ ಚುಕ್ಕೆ ಹಳದಿಯಾಗಿ ಉಬ್ಬಿ ಮುಚ್ಚಿಹೋಯಿತು.

ಅಷ್ಟರಲ್ಲಿ ಮೇಲಿನ ಆಕಾಶದ ಪಟ್ಟಿಯೂ ಹೋಯಿತು. ಸೈಲೋಸಿ ಕೊರಡು ಎಳೆದು ಮುಚ್ಚಳದ ಮೇಲೆ ಧೊಪ್ಪೆಂದು ಕೂತಿದ್ದ. ಮಾಡದೆ ಬಿಟ್ಟಾನೆಯೇ? ಭಾವ ಪೆಟ್ಟಿಗೆಯೊಳಗೆ ಸಿಕ್ಕಿದ್ದಾನೆ, ಇಂಥ ಅವಕಾಶ ಜನ್ಮಕ್ಕೊಮ್ಮೆ. ತಲೆಯ ಮೇಲೆ ಡೋಲು ಬಾರಿಸಿದ ಹಾಗೆ ಎರಡು ಕೈಯಲ್ಲಿ ಬಡಿಯತೊಡಗಿದ.

“ತೆಗಿಯೋ!” ಎಪಾರಾಮಾ ಕೂಗಿದ. “ಉಸಿರು ಕಟ್ಟುತ್ತಾ ಇದೆ!”

“ಮೀನಿಗೂ ಹಂಗೇ ಆಗುತ್ತೆ ಭಾವ!”

“ಗೋಡೆ ಮುರೀತಾ ಇದೆ ಕಣೋ! ಕಾಲು ಸಿಕ್ಕಿಹಾಕ್ಕೊಂಡಿದೆ!”

“ಅಬ್ಬಾ, ಎಂಥಾ ನಾಟಕ! ಕ್ರಿಸ್‌ಮಸ್‌ಗೆ ನಿಂಗೇ ಹೆರೋದ ರಾಜನ ಪಾರ್ಟು!”

“ಸೈಲೋಸಿ, ಈ ಸಲ ನಿಜ ಕಣೋ!”

ಮಾತು ಬಾಯಿಂದ ಹೊರಟಮೇಲೆ ಅದನ್ನು ತಾನೇ ಕೇಳಿಸಿಕೊಂಡ. ಮೇಲೆ ಒಂದು ಕ್ಷಣ ಬಡಿತ ನಿಂತು, ನಗು ಬಂತು. ಗೊಗ್ಗರು, ನಡುವೆ ಒಂದು ಬಿಕ್ಕು, ಮತ್ತೆ ಗೊಗ್ಗರು. ಅದು ನೆತಾನಿಯ ನಗು. ಅಣ್ಣತಮ್ಮಂದಿರ ನಗು ಒಂದೇ ಥರ ಇರುತ್ತದೆ, ಇಷ್ಟು ದಿನ ಕೇಳಿದವನಿಗೆ ಇದು ಹೊಸದೇನಲ್ಲ. ಆದರೆ ಈ ಕತ್ತಲೆಯಲ್ಲಿ ಯಾವನ ಬಾಯಿಂದ ಬಂತೆಂದು ಹೇಗೆ ಹೇಳುವುದು? ಅದೇ ಹೊತ್ತಿಗೆ ಬೆನ್ನ ಹಿಂದಿನ ಗೋಡೆಯ ಆಚೆ, ಫೋಮ್ ಬಿಟ್ಟರೆ ಇನ್ನೇನೂ ಇಲ್ಲದ ಕಡೆ, ಟಕ್, ಟಕ್ ಅಂತ ತಟ್ಟಿತು. ಸ್ವಲ್ಪ ಬಿಟ್ಟು ಇನ್ನೊಂದು ಟಕ್.

ಎಪಾರಾಮಾ ಕೂಗುವುದನ್ನು ನಿಲ್ಲಿಸಿದ. ಕೂಗಲು ಗಾಳಿಯೂ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೂಗಿ ಏನು ಅನ್ನಿಸಿತು. ಈಗ ನೆತಾನಿಯ ಸರದಿ. ನ್ಯಾಯವಾಗಿ ಅವನದೇ. ತೀರಿಸಿಕೊಂಡು ಹೋಗಲಿ. ಹಾಗೆ ಅನ್ನಿಸಿದ್ದೇ ಹೆದರಿಕೆ ಎಲ್ಲ ಇಳಿದು, ತಿಂಗಳುಗಳಿಂದ ಬಾರದ ನಿದ್ದೆ ರೆಪ್ಪೆಯ ಮೇಲೆ ಬಂದು ಕೂತಂತಾಯಿತು. ಬೆನ್ನು ಸುಡುತ್ತಿತ್ತು. “ಹೂಂ, ಬಾರೋ,” ಅಂದ, ಯಾರಿಗೋ.

ಮರದ ಕೆಳಗೆ ಅಲುಮೀತಾಳ ಕೈಯ ಗರಿ ಜಾರಿ ಬಿದ್ದಿತ್ತು. ಭಾವಮೈದುನರ ಕಿರುಚಾಟ ಅವಳಿಗೆ ಹೊಸದಲ್ಲ, ಅದರಲ್ಲೇ ಮುದುಕಿಯಾದವಳು. ಬೊಬ್ಬೆ ಹಾಕುವವನು ಉತ್ತರಕ್ಕೆ ಕಾಯದೆ ಸುಮ್ಮನಾಗುವುದು ಮಾತ್ರ ಅವಳು ಕೇಳಿರಲಿಲ್ಲ. ಎದ್ದವಳು ಓಡಿದಳು, ಸೊಂಟ ಬಾಗಿದ ಹೆಂಗಸು, ಸುಲು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು.

“ಇಳಿಯೋ ಕೆಳಗೆ! ಅವನು ಆಟ ಆಡ್ತಿಲ್ಲ!”

“ಅಮ್ಮ, ನಿಂಗೊತ್ತಿಲ್ಲ, ಭಾವ ಯಾವಾಗ್ಲೂ...”

ಅವಳು ಮಗನ ಕೆನ್ನೆಗೆ ಬಾರಿಸಿದಳು. ಸೈಲೋಸಿ ಇಳಿದು, ಲಂಗರು ಚೀಲ ತಳ್ಳಿ, ಮುಚ್ಚಳ ಎತ್ತಲು ಹೋದರೆ ಅದು ಅಲುಗಲಿಲ್ಲ. ಉಕ್ಕಿದ ಫೋಮ್ ಅಂಚಿನ ಸುತ್ತ ಹಿಡಿದುಬಿಟ್ಟಿತ್ತು. ಆಗ ಅವನ ಮುಖ ಬಿಳುಚಿತು. “ಭಾವ! ಭಾವ!” ಅಂತ ಬಡಿದ. ಒಳಗಿನಿಂದ ಉತ್ತರವಿಲ್ಲ. ಹಾರೆ ತಂದು ಸಂದಿಗೆ ತುರುಕಿ ಮೀಟಿದ, ಅಲುಮೀತಾ ತುದಿಗೆ ಜೋತುಬಿದ್ದಳು. ಚರಕ್ಕೆಂದು ಮುಚ್ಚಳ ಹರಿದು ಬಂತು.

ಎಪಾರಾಮಾನನ್ನು ಕಂಕುಳಿಗೆ ಕೈ ಕೊಟ್ಟು ಎಳೆದು ಮರಳಿಗೆ ಹಾಕಿದರು. ಒಂದು ಕಾಲಿನ ಚರ್ಮ ಸುಲಿದಿತ್ತು. ಕೆಮ್ಮಿದ, ವಾಂತಿ ಮಾಡಿಕೊಂಡ, ಮತ್ತೆ ಕೆಮ್ಮಿದ. ಕಣ್ಣು ಬಿಟ್ಟಾಗ ಸೈಲೋಸಿ ತಲೆ ಚಚ್ಚಿಕೊಂಡು ಅಳುತ್ತಿದ್ದ.

“ತಮಾಷೆ ಅಂದ್ಕೊಂಡೆ ಅಮ್ಮ. ದೇವರಾಣೆ, ತಮಾಷೆ ಅಂದ್ಕೊಂಡೆ.”

“ನಾನೂ ಹಾಗೇ ಅಂದ್ಕೊಂಡೆ ಅತ್ತೆ,” ಅಂದ ಎಪಾರಾಮಾ.

ಸೈಲೋಸಿಯ ಅಳು ಅರ್ಧಕ್ಕೆ ನಿಂತಿತು. ಅತ್ತೆಯ ಮುಖ ನೋಡಿ ಮಾತಾಡಿದ್ದನಲ್ಲ! ಎಪಾರಾಮಾ ಎದ್ದು ಕೂರಲು ಹೋಗಿ, ಆಗದೆ, ಮೊಣಕೈ ಊರಿದ.

“ನೆತಾನಿ ಫೋನ್ ಮಾಡಿದ್ದ. ಆವತ್ತು. ಕಡಲಿಂದ. ಈ ಸಲ ನಿಜ ಅಂದ. ನಾನು ನಂಬಲಿಲ್ಲ. ಈಜಿಕೊಂಡು ಬಾ ಅಂದುಬಿಟ್ಟೆ. ಯಾರಿಗೂ ಹೇಳಲಿಲ್ಲ ಅತ್ತೆ, ಮಿಲಿಕಾಗೂ ಹೇಳಲಿಲ್ಲ.”

ಮೇಲೆ ಊರಿನೊಳಗೆ ಚರ್ಚಿನ ಮರದ ಡೋಲು ಬಾರಿಸಿದರು, ಹಾಡಿನವರನ್ನು ಕರೆಯಲು. ಸೈಲೋಸಿ ಏಳಲಿಲ್ಲ. ಮುಷ್ಟಿ ಬಿಗಿದು ಎಪಾರಾಮಾನನ್ನು ನೋಡಿದ, ಆಮೇಲೆ ತನ್ನ ಕೈಗೆ ಅಂಟಿದ ಹಳದಿ ಫೋಮನ್ನು ನೋಡಿಕೊಂಡ, ಮುಷ್ಟಿ ತಾನಾಗೇ ಬಿಚ್ಚಿತು. ಅಲುಮೀತಾ ನಿಂತಲ್ಲೇ ಕುಸಿದು ಮರಳಲ್ಲಿ ಕೂತಳು, ಅಳಿಯನಿಂದ ಒಂದು ಮಾರು ದೂರದಲ್ಲಿ. ಕಡಲಿನ ಕಡೆ ತಿರುಗಲಿಲ್ಲ, ಮಗನ ಮೂಲಕ ಕೇಳಲಿಲ್ಲ. ಅವನನ್ನೇ ಕೇಳಿದಳು.

“ಇನ್ನೇನಂದ?”

“ಕಾಲ ಬುಡಕ್ಕೆ ನೀರು ಬಂತು ಭಾವ, ಅಂದ.”

“ಆಮೇಲೆ?”

“ನಾನು ನಕ್ಕೆ.”

“ಅವನು?”

ಇದನ್ನು ಎಪಾರಾಮಾ ಈವರೆಗೆ ತನಗೆ ತಾನೇ ಹೇಳಿಕೊಂಡಿರಲಿಲ್ಲ.

“ಅವನೂ ನಕ್ಕ ಅತ್ತೆ. ನಾನು ನಗೋದು ಕೇಳಿ ಅವನಿಗೂ ನಗು ಬಂತು. ತಡೆಯೋಕೆ ಆಗಲಿಲ್ಲ ಅವನಿಗೆ.”

“ಎಷ್ಟು ಹೊತ್ತು?”

“ನಾನು ಫೋನ್ ಇಡೋವರೆಗೂ.”

ಅಲುಮೀತಾ ತಲೆಯಾಡಿಸಿದಳು. ಬೈಯಲಿಲ್ಲ, ಅಳಲಿಲ್ಲ, ಎದ್ದೂ ಹೋಗಲಿಲ್ಲ. ದೋಣಿಯೊಳಗೆ ಫೋಮ್ ಆರುತ್ತಾ ಒಮ್ಮೊಮ್ಮೆ ಸಿಡಿಯುತ್ತಿತ್ತು. ಉಬ್ಬರ ಏರತೊಡಗಿತ್ತು. ನೀರು ಮೊದಲು ಕಿತ್ತೆಸೆದ ಹಳೆಯ ತೊಟ್ಟಿಯನ್ನು ಮುಟ್ಟಿತು, ಆಮೇಲೆ ದಿಮ್ಮಿಗಳನ್ನು, ಆಮೇಲೆ ಮುಂದಕ್ಕೆ ಚಾಚಿದ ಅವಳ ಕಾಲನ್ನು. ಅವಳು ಕಾಲು ಎಳೆದುಕೊಳ್ಳಲಿಲ್ಲ. ನೀರು ಹಿಮ್ಮಡಿಯವರೆಗೆ ಬಂದು, ಹಿಂದೆ ಸರಿದು, ಮತ್ತೆ ಇನ್ನೊಂದಿಷ್ಟು ಮೇಲೆ ಬಂತು.